ಎತ್ತಿನ ಗಾಡಿಗೆ ದೊಡ್ಡ ಗಾಲಿ ಹಗುರ, ಟ್ರ್ಯಾಕ್ಟರಿಗೆ ಭಾರ

(ಕಬ್ಬು ನುರಿಸುವ ಹಂಗಾಮಿಗೆ ಮುಂಚೆ ನಡೆದ ವಾಹನಧಾರಕ ಸಭಾಸದರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಂಗಾಮು ಬಾಗಿಲಿಗೆ ಬಂದು ನಿಂತಿದೆ. ಕಬ್ಬು ಕಡಿಯುವ ಟೋಳಿಗಳೊಡನೆ ಕರಾರು ಮುಗಿದಿದೆ. ಟ್ರೇಲರುಗಳಿಗೆ ಬಣ್ಣ ಬಿದ್ದಿದೆ, ಹುಕ್ಕುಗಳಿಗೆ ವೆಲ್ಡಿಂಗ್ ಆಗುತ್ತಿದೆ. ಇದೇ ಹೊತ್ತಿಗೆ ನಮ್ಮ ಭಾಗದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ಕಂಪನಿಯಿಂದ ಬಂದ ಹಿಂದಿನ ಟಾಯರು ಬಿಚ್ಚಿ, ಅದಕ್ಕಿಂತ ದೊಡ್ಡ ಟಾಯರು ಏರಿಸುವ ಕೆಲಸ. ಇಂದು ನಾನು ಮಾತನಾಡುವುದು ಇದೊಂದೇ ವಿಷಯದ ಮೇಲೆ.

ದೊಡ್ಡ ಟಾಯರು ಹಾಕುವವರನ್ನು ನಾನು ಅವಿವೇಕಿಗಳು ಎನ್ನುವುದಿಲ್ಲ. ಅವರಿಗೆ ಅವರ ಕಾರಣಗಳಿವೆ. ಎರೆಮಣ್ಣಿನ ಹೊಲದಲ್ಲಿ ನೀರು ಬಿಟ್ಟ ಮೇಲೆ ಸಣ್ಣ ಟಾಯರು ಹೂತುಕೊಳ್ಳುತ್ತದೆ, ಅಗಲವಾದದ್ದು ತೇಲಿಕೊಂಡು ಬರುತ್ತದೆ. ಸಡಕಿನ ಮೇಲೆ ಅದೇ ಗಿಯರಿನಲ್ಲಿ ಗಾಡಿ ಸ್ವಲ್ಪ ಜೋರಾಗಿ ಓಡುತ್ತದೆ, ದಿನಕ್ಕೊಂದು ಖೇಪು ಹೆಚ್ಚಾದೀತೆಂಬ ಆಸೆ. ನೋಡುವುದಕ್ಕೂ ಗತ್ತು. ಈ ಮೂರೂ ಮಾತು ಪೂರ್ತಿ ಸುಳ್ಳಲ್ಲ. ಆದರೆ ಈ ಲಾಭಕ್ಕೆ ಬೆಲೆ ಕೊಡುವ ಭಾಗಗಳು ಹೊರಗೆ ಕಾಣುವುದಿಲ್ಲ. ಅವು ಹೌಜಿಂಗಿನ ಒಳಗೆ, ಎಣ್ಣೆಯಲ್ಲಿ ಮುಳುಗಿ ಕೂತಿವೆ. ಅವುಗಳ ಪರವಾಗಿ ಎರಡು ಮಾತು ಹೇಳಲು ನಾನು ನಿಂತಿದ್ದೇನೆ.

ಹಿರಿಯರ ಅನುಭವ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ

ನಮ್ಮ ಹಿರಿಯರು ಚಕ್ಕಡಿಗೆ ದೊಡ್ಡ ಗಾಲಿ ಹಾಕುತ್ತಿದ್ದರು. ಗಾಲಿ ದೊಡ್ಡದಾದಷ್ಟೂ ಕಲ್ಲು, ತಗ್ಗು ಸಲೀಸಾಗಿ ದಾಟುತ್ತದೆ, ಎತ್ತಿಗೆ ಹಗುರ. ಇದು ನೂರಕ್ಕೆ ನೂರು ನಿಜ. ಟ್ರೇಲರಿನ ಗಾಲಿಗೂ ಇದೇ ಮಾತು ಹೊಂದುತ್ತದೆ. ಆದ್ದರಿಂದಲೇ "ಟ್ರ್ಯಾಕ್ಟರಿಗೂ ದೊಡ್ಡದು ಹಾಕಿದರೆ ಹಗುರವಾಗುತ್ತದೆ" ಎಂದು ನಮಗೆ ಸಹಜವಾಗಿ ಅನಿಸುತ್ತದೆ.

ಆದರೆ ಒಂದು ವ್ಯತ್ಯಾಸ ಗಮನಿಸಿರಿ. ಚಕ್ಕಡಿಯ ಗಾಲಿ ತಾನಾಗಿ ತಿರುಗುವುದಿಲ್ಲ. ಎತ್ತು ನೊಗ ಹಿಡಿದು ಎಳೆಯುತ್ತದೆ, ಗಾಲಿ ಹಿಂದೆ ಉರುಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಾಗಲ್ಲ. ಅದನ್ನು ನಡುವಿನ ಅಕ್ಸಲು ತಿರುಚುತ್ತದೆ, ಗಾಲಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ಆಗ ಗಾಡಿ ಮುಂದೆ ಹೋಗುತ್ತದೆ. ಒಂದು ಉರುಳುವ ಗಾಲಿ, ಇನ್ನೊಂದು ಎಳೆಯುವ ಗಾಲಿ. ಉರುಳುವ ಗಾಲಿಯ ಲೆಕ್ಕವನ್ನು ಎಳೆಯುವ ಗಾಲಿಗೆ ಹಚ್ಚಬಾರದು.

ಹಳೆಯ ಗಾಣವನ್ನು ನೆನಪಿಸಿಕೊಳ್ಳಿರಿ. ಎತ್ತು ಕಟ್ಟುವ ತೊಲೆ ಉದ್ದವಾಗಿದ್ದರೆ ಎತ್ತಿಗೆ ಹಗುರವಾಗುತ್ತಿತ್ತು, ಏಕೆಂದರೆ ಬಲ ತುದಿಯಿಂದ ಬರುತ್ತಿತ್ತು. ಈಗ ಅದನ್ನು ತಿರುವುಮುರುವು ಮಾಡಿ ನೋಡಿ. ನಡುವಿನ ಕಂಬವೇ ತಿರುಗಬೇಕು, ತೊಲೆಯ ತುದಿಗೆ ಬಂಡೆ ಕಟ್ಟಿ ಎಳೆಯಬೇಕು ಎಂದಾದರೆ, ತೊಲೆ ಉದ್ದವಾದಷ್ಟೂ ಕಂಬಕ್ಕೆ ಕಷ್ಟ. ಟ್ರ್ಯಾಕ್ಟರಿನ ಅಕ್ಸಲು ಆ ಕಂಬ. ಟಾಯರಿನ ಎತ್ತರ ಆ ತೊಲೆ. ಎರಡು ಟ್ರೇಲರು ಕಬ್ಬು ಆ ಬಂಡೆ.

ಟಾಯರಿನ ಮೇಲಿನ ಅಂಕಿ ಏನು ಹೇಳುತ್ತದೆ

ಟಾಯರಿನ ಮಗ್ಗುಲಲ್ಲಿ 13.6-28 ಎಂದು ಬರೆದಿದ್ದರೆ, ಮೊದಲ ಅಂಕಿ ಟಾಯರಿನ ಅಗಲ, ಎರಡನೆಯದು ಒಳಗಿನ ರಿಮ್ಮಿನ ಅಳತೆ, ಎರಡೂ ಇಂಚಿನಲ್ಲಿ. 45 ಅಶ್ವಶಕ್ತಿಯ ಆಸುಪಾಸಿನ ಟ್ರ್ಯಾಕ್ಟರುಗಳಿಗೆ ಸಾಮಾನ್ಯವಾಗಿ 13.6-28 ಅಥವಾ 14.9-28 ಬರುತ್ತದೆ. 50 ದಾಟಿದ ದೊಡ್ಡ ಗಾಡಿಗಳಿಗೆ 14.9-28 ಅಥವಾ 16.9-28 ಬರುತ್ತದೆ. ಕೊನೆಯ 28 ಎಲ್ಲದರಲ್ಲಿಯೂ ಒಂದೇ ಇರುವುದರಿಂದ "ರಿಮ್ಮು ಒಂದೇ ಸೈಜು, ಅಗಲ ಮಾತ್ರ ಬೇರೆ" ಎಂದು ಅನೇಕರು ತಿಳಿಯುತ್ತಾರೆ. ಹಾಗಲ್ಲ. ಅಗಲದ ಜೊತೆಗೆ ಎತ್ತರವೂ ಏರುತ್ತದೆ. 13.6ರ ಟಾಯರಿನ ಒಟ್ಟು ಎತ್ತರ ಸುಮಾರು 131 ಸೆಂಟಿಮೀಟರ್, 14.9ರದು ಸುಮಾರು 136, 16.9ರದು ಸುಮಾರು 143. ಕಂಪನಿಯಿಂದ ಕಂಪನಿಗೆ ಒಂದೆರಡು ಸೆಂಟಿಮೀಟರಿನ ಹೆಚ್ಚುಕಡಿಮೆ ಇರಬಹುದು. ರಿಮ್ಮಿನ ಅಗಲವೂ ಟಾಯರಿಗೆ ತಕ್ಕಂತೆ ಇರಬೇಕು. ಸಣ್ಣ ರಿಮ್ಮಿಗೆ ಅಗಲ ಟಾಯರು ತುರುಕಿದರೆ ಟಾಯರಿನ ನಡುಭಾಗ ಉಬ್ಬಿ ಅಲ್ಲಿಯೇ ಸವೆಯುತ್ತದೆ.

13.6 ತೆಗೆದು 16.9 ಹಾಕಿದಿರಿ ಎನ್ನೋಣ. ಎತ್ತರ ನೂರಕ್ಕೆ 9ರಷ್ಟು ಹೆಚ್ಚಾಯಿತು. ಗಾಲಿ ಒಂದು ಸುತ್ತು ತಿರುಗಿದರೆ ಮೊದಲು ಸುಮಾರು 4 ಮೀಟರ್ 11 ಸೆಂಟಿಮೀಟರ್ ಸಾಗುತ್ತಿತ್ತು, ಈಗ 4 ಮೀಟರ್ 49 ಸಾಗುತ್ತದೆ. ಗಂಟೆಗೆ 25 ಕಿಲೋಮೀಟರ್ ಓಡುವ ಗಿಯರಿನಲ್ಲಿ ಈಗ 27ಕ್ಕೆ ಸ್ವಲ್ಪ ಮೇಲೆ ಓಡುತ್ತದೆ. ಲಾಭ ಇಷ್ಟೇ.

ಈಗ ಖರ್ಚಿನ ಕಡೆ ನೋಡೋಣ. ಟ್ರ್ಯಾಕ್ಟರು, ಎರಡು ಟ್ರೇಲರು, ಕಬ್ಬು ಸೇರಿ ಒಟ್ಟು 20 ಟನ್ ಎಂದು ಹಿಡಿಯಿರಿ. ಒಳ್ಳೆಯ ಡಾಂಬರು ಸಡಕಿನಲ್ಲಿ ಇದನ್ನು ಉರುಳಿಸಲು ಭಾರದ ನೂರಕ್ಕೆ ಎರಡರಷ್ಟು, ಅಂದರೆ ಸುಮಾರು 400 ಕಿಲೋ ಎಳೆತ ಸಾಕು. 25 ಮೀಟರಿಗೆ ಒಂದು ಮೀಟರ್ ಏರುವ ದಿಬ್ಬ ಬಂತೆಂದರೆ ಅದಕ್ಕೆ ಇನ್ನೂ 800 ಕಿಲೋ ಸೇರುತ್ತದೆ. ಒಟ್ಟು 1200 ಕಿಲೋ. ಹಳೆಯ ಟಾಯರಿನಲ್ಲಿ 1200 ಕಿಲೋ ಎಳೆಯುತ್ತಿದ್ದ ಅದೇ ತಿರುಚು ಬಲ ದೊಡ್ಡ ಟಾಯರಿನ ಅಂಚಿಗೆ ಬಂದಾಗ 1100 ಕಿಲೋ ಆಗಿ ಉಳಿಯುತ್ತದೆ. ನೂರು ಕಿಲೋ ಎಳೆತ ತೊಲೆಯ ಉದ್ದಕ್ಕೆ ಹೋಯಿತು.

ಅದೇ ದಿಬ್ಬ ಏರಲೇಬೇಕಾದರೆ ಅಕ್ಸಲಿನ ಮೇಲೆ ಶೇಕಡಾ 9ರಷ್ಟು ಹೆಚ್ಚು ತಿರುಚು ಬೀಳುತ್ತದೆ. ಗಿಯರುಗಳ ದೃಷ್ಟಿಯಿಂದ ಇದು ಹಳೆಯ ಟಾಯರಿನ ಮೇಲೆ ಇನ್ನೂ 1.8 ಟನ್ ಭಾರ ಹೇರಿದಂತೆಯೇ. ಆದರೆ ಬಂಧುಗಳೇ, ಈ 1.8 ಟನ್ ವಜನಕಾಟಾದ ಮೇಲೆ ಬರುವುದಿಲ್ಲ. ಅದಕ್ಕೆ ಕಾರಖಾನೆ ಬಾಡಿಗೆ ಕೊಡುವುದಿಲ್ಲ. ಹಂಗಾಮಿನ ಪ್ರತಿ ಖೇಪಿನಲ್ಲಿಯೂ ನೀವು ಅದನ್ನು ಪುಕ್ಕಟೆಯಾಗಿ ಎಳೆಯುತ್ತೀರಿ. ಖಾಲಿ ಹಿಂತಿರುಗುವಾಗಲೂ ಆ ಒಂಬತ್ತರ ಪಾಲು ಬಿಡುವುದಿಲ್ಲ.

"ಜೋರು ಓಡುವುದರಿಂದ ಖೇಪು ಹೆಚ್ಚಾಗುತ್ತದಲ್ಲ?" ಎಂದು ಕೇಳಬಹುದು. ಸಮತಟ್ಟು ಸಡಕಿನಲ್ಲಿ ಹೌದು. ಆದರೆ ನಮ್ಮ ಸಡಕುಗಳು ಎಷ್ಟು ಸಮತಟ್ಟು? ಉದಗೀರ ಬಾಲಾಘಾಟದ ಗುಡ್ಡಸಾಲಿನ ಮೇಲಿದೆ, ಮಾಂಜ್ರಾ ಕೆಳಗೆ ಹರಿಯುತ್ತದೆ. ನಿಲಂಗಾದ ಕಡೆಯಿಂದ ಬಂದವರು ನದಿಗೆ ಇಳಿದು ಮತ್ತೆ ಏರಬೇಕು. ಮೊದಲು ಯಾವ ಗಿಯರಿನಲ್ಲಿ ಆ ಏರು ಮುಗಿಸುತ್ತಿದ್ದಿರೋ ಈಗ ಅದಕ್ಕಿಂತ ಒಂದು ಗಿಯರು ಕೆಳಗೆ ಬರಬೇಕಾಗುತ್ತದೆ. ಸಮತಟ್ಟಿನಲ್ಲಿ ಗಳಿಸಿದ ಐದು ನಿಮಿಷ ದಿಬ್ಬದಲ್ಲಿ ಕಳೆದುಹೋಗುತ್ತದೆ. ಗಿಯರು ಇಳಿಸದೆ ಇಂಜಿನನ್ನು ಗೊರಗುಟ್ಟಿಸಿ ಏರಿಸಿದರೆ ಡಿಝೆಲೂ ಹೋಗುತ್ತದೆ, ಕ್ಲಚ್ ಪ್ಲೇಟೂ ಸುಡುತ್ತದೆ.

ಪೆಟ್ಟು ಎಲ್ಲಿ ಬೀಳುತ್ತದೆ

ಇಂಜಿನಿನ ಬಲ ಗಾಲಿಗೆ ತಲುಪುವ ದಾರಿ ಇದು: ಮೊದಲು ಕ್ಲಚ್, ನಂತರ ಗಿಯರ್ ಬಾಕ್ಸ್, ಆಮೇಲೆ ಕ್ರೌನ್-ಪಿನಿಯನ್, ಅದರ ಜೊತೆಯ ಡಿಫರೆನ್ಷಿಯಲ್, ಎರಡು ಬದಿಯ ಅಕ್ಸಲು ಶಾಫ್ಟು, ಕೊನೆಗೆ ಗಾಲಿ. ಈ ದಾರಿಯಲ್ಲಿ ವೇಗ ಹಂತ ಹಂತವಾಗಿ ಕಡಿಮೆಯಾಗುತ್ತದೆ, ತಿರುಚು ಅಷ್ಟೇ ಹೆಚ್ಚಾಗುತ್ತದೆ. ಆದ್ದರಿಂದ ಗಾಲಿಗೆ ಹತ್ತಿರವಿರುವ ಭಾಗಗಳೇ ಹೆಚ್ಚು ಹೊರೆ ಹೊರುತ್ತವೆ. ಅವುಗಳ ಹಲ್ಲು, ಬೇರಿಂಗು, ಶಾಫ್ಟುಗಳ ದಪ್ಪವನ್ನು ಕಂಪನಿಯವರು ತಮ್ಮ ಟಾಯರಿನ ಎತ್ತರ ನೋಡಿಯೇ ನಿಗದಿ ಮಾಡಿರುತ್ತಾರೆ.

ಶೇಕಡಾ 9 ಎಂದರೆ ಸಣ್ಣ ಮಾತು ಅನಿಸಬಹುದು. ಆದರೆ ಬೇರಿಂಗಿನ ಆಯುಷ್ಯ ಭಾರದ ಜೊತೆ ಸರಿಸಮನಾಗಿ ಇಳಿಯುವುದಿಲ್ಲ, ಬಹಳ ಬೇಗ ಇಳಿಯುತ್ತದೆ. ರೋಲರು ಬೇರಿಂಗಿನ ಮೇಲೆ ಭಾರ ಶೇಕಡಾ 9 ಹೆಚ್ಚಿದರೆ ಅದರ ಆಯುಷ್ಯ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ನಾಲ್ಕು ಹಂಗಾಮು ಬಾಳಬೇಕಾದದ್ದು ಮೂರೇ ಹಂಗಾಮಿಗೆ ಮುಗಿಯುತ್ತದೆ. ಬೇರಿಂಗು ಸಡಿಲಾಯಿತೆಂದರೆ ಪಿನಿಯನ್ ತನ್ನ ಜಾಗದಿಂದ ಅಲುಗುತ್ತದೆ, ಹಲ್ಲಿಗೆ ಹಲ್ಲು ಸರಿಯಾಗಿ ಕೂಡುವುದಿಲ್ಲ, ಅಂಚಿನಲ್ಲಿ ಭಾರ ಬಿದ್ದು ಹಲ್ಲು ಸಿಡಿಯುತ್ತದೆ. ಸಿಡಿದ ಚೂರು ಎಣ್ಣೆಯಲ್ಲಿ ತಿರುಗಿ ಉಳಿದವನ್ನೂ ಕೆಡಿಸುತ್ತದೆ.

ಇನ್ನೊಂದು ಮಾತು. ಗಾಲಿ ಜಾರುವುದನ್ನು ನಾವು ದೋಷವೆಂದೇ ತಿಳಿಯುತ್ತೇವೆ. ಮಿತಿ ಮೀರಿ ಜಾರಿದರೆ ದೋಷವೇ. ಆದರೆ ಸ್ವಲ್ಪ ಜಾರುವುದು ಮನೆಯ ಬಿಜಲಿಗೆ ಫ್ಯೂಜು ಇದ್ದ ಹಾಗೆ. ಭಾರ ಮಿತಿ ಮೀರಿದಾಗ ಗಾಲಿ ಜಾರಿ, ಒಳಗಿನ ಹಲ್ಲುಗಳನ್ನು ಉಳಿಸುತ್ತದೆ. ಅಗಲ ಟಾಯರು ಹಾಕಿ, ಅದರಲ್ಲಿ ನೀರು ತುಂಬಿ, ಮೇಲೆ ಕಬ್ಬಿಣದ ತೂಕ ಕಟ್ಟಿದಿರೆಂದರೆ ಫ್ಯೂಜಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದಂತಾಯಿತು. ಹೂತ ಟ್ರೇಲರನ್ನು ಕಿತ್ತೆಳೆಯಲು ಚಾಲಕ ಕ್ಲಚ್ಚನ್ನು ಒಮ್ಮೆಲೇ ಬಿಟ್ಟನೆಂದರೆ ಗಾಲಿ ಜಾರುವುದಿಲ್ಲ, ಟ್ರೇಲರು ಕದಲುವುದಿಲ್ಲ. ಆಗ ಮುರಿಯಬೇಕಾದದ್ದು ಒಳಗಿನದೇ.

ಮೆತ್ತನೆಯ ಹೊಲದಲ್ಲಿ ಎಳೆತ ಭಾರದ ಹತ್ತನೇ ಒಂದು ಪಾಲಿಗೂ ಏರುತ್ತದೆ. ಎರಡೂ ಟ್ರೇಲರು ಒಟ್ಟಿಗೆ ಎಂದರೆ 2000 ಕಿಲೋ. ಈ ಕಾರಣಕ್ಕಾಗಿಯೇ ತಿಳಿದವರು ಹೊಲದಿಂದ ಒಂದೊಂದೇ ಟ್ರೇಲರು ಹೊರಗೆ ತಂದು ಸಡಕಿನಲ್ಲಿ ಜೋಡಿಸುತ್ತಾರೆ. ಇದಕ್ಕೆ ದೊಡ್ಡ ಟಾಯರು ಬೇಕಿಲ್ಲ, ಅರ್ಧ ಗಂಟೆಯ ತಾಳ್ಮೆ ಸಾಕು.

ಇಳಿಜಾರಿನ ಲೆಕ್ಕ

ಏರಿನಲ್ಲಿ ಸೋತರೆ ಹಣ ಹೋಗುತ್ತದೆ. ಇಳಿಜಾರಿನಲ್ಲಿ ಸೋತರೆ ಮನುಷ್ಯ ಹೋಗುತ್ತಾನೆ. ಬ್ರೇಕು ಹಿಡಿಯುವುದು ಗಾಲಿಯ ನಡುವಿನ ಭಾಗವನ್ನು, ಟಾಯರಿನ ಅಂಚನ್ನಲ್ಲ. ತೊಲೆ ಉದ್ದವಾದಷ್ಟೂ ಅದೇ ಬ್ರೇಕಿಗೆ ನೆಲದ ಮೇಲಿನ ಹಿಡಿತ ಕಡಿಮೆ. ಅತ್ತ ವೇಗವೂ ಶೇಕಡಾ 9 ಹೆಚ್ಚಾಗಿದೆ, ವೇಗದ ಜೊತೆ ಗಾಡಿಯ ರಭಸ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ, ಅದೇ ಗಿಯರಿನಲ್ಲಿ ಬರುತ್ತಿರುವ ಗಾಡಿ ಮೊದಲು 20 ಮೀಟರಿನಲ್ಲಿ ನಿಲ್ಲುತ್ತಿದ್ದರೆ ಈಗ ನಿಲ್ಲಲು ಸುಮಾರು 26 ಮೀಟರ್ ಬೇಕು. ನಮ್ಮ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇಲ್ಲ. ಹಿಂದಿನ ಕಬ್ಬೆಲ್ಲ ಟ್ರ್ಯಾಕ್ಟರನ್ನು ಮುಂದಕ್ಕೆ ದಬ್ಬುತ್ತದೆ. ಉಮರ್ಗಾದ ಮುಂದೆ ಸೋಲಾಪುರ-ಹೈದರಾಬಾದ್ ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿ ರಾತ್ರಿ ಹೊತ್ತು ಆ ಆರು ಮೀಟರಿನಲ್ಲಿ ಏನಿರುತ್ತದೆ, ಯಾರಿರುತ್ತಾರೆ ಎಂದು ಹೇಳಲಾಗದು.

ಹಿಂದಿನ ಗಾಲಿ ಎತ್ತರವಾದರೆ ಹಿಂಬದಿಯ ಹುಕ್ಕೂ ಆರು ಸೆಂಟಿಮೀಟರ್ ಮೇಲಕ್ಕೆ ಹೋಗುತ್ತದೆ. ಹುಕ್ಕು ಎತ್ತರವಾದಷ್ಟೂ ಎಳೆಯುವಾಗ ಮುಂದಿನ ಗಾಲಿ ಹಗುರವಾಗುತ್ತದೆ. 1000 ಕಿಲೋ ಎಳೆತಕ್ಕೆ ಆರು ಸೆಂಟಿಮೀಟರಿನಿಂದಲೇ ಮುಂದಿನ ಗಾಲಿಯ ಮೇಲಿನ ಭಾರ ಇನ್ನೂ ಸುಮಾರು 30 ಕಿಲೋ ಕಡಿಮೆಯಾಗುತ್ತದೆ. ಮೊದಲೇ ತೂಗಾಡುವ ಮೂತಿಗೆ ಅದೂ ಹೆಚ್ಚು. ಮೂತಿ ಎದ್ದೀತೆಂದು ಹುಡುಗರನ್ನು ಬಂಪರಿನ ಮೇಲೆ ನಿಲ್ಲಿಸುವುದನ್ನು ನಾವೆಲ್ಲ ನೋಡಿದ್ದೇವೆ. ಕೈ ಮುಗಿದು ಕೇಳುತ್ತೇನೆ, ಈ ಹಂಗಾಮಿನಿಂದ ಅದನ್ನು ನಿಲ್ಲಿಸಿರಿ. ತೂಕ ಬೇಕಾದರೆ ಕಂಪನಿಯವರು ಮುಂಭಾಗಕ್ಕೆಂದೇ ಮಾಡಿದ ಕಬ್ಬಿಣದ ತೂಕ ಸಿಗುತ್ತದೆ. ಯಾರ ಮನೆಯ ಮಗನೂ ತೂಕದ ಕಲ್ಲಲ್ಲ.

ನಾಲ್ಕೂ ಗಾಲಿ ಎಳೆಯುವ ಗಾಡಿಗಳಿಗೆ

ಈಗ ನಾಲ್ಕೂ ಗಾಲಿಗೆ ಬಲ ಹೋಗುವ ಟ್ರ್ಯಾಕ್ಟರುಗಳು ನಮ್ಮಲ್ಲಿಯೂ ಹೆಚ್ಚಾಗಿವೆ. ಅವುಗಳ ಮುಂದಿನ ಗಾಲಿ ಹಿಂದಿನದಕ್ಕಿಂತ ನೂರಕ್ಕೆ 1ರಿಂದ 5ರಷ್ಟು ಮುಂದೆ ಓಡುವಂತೆ ಗಿಯರು ಕೂಡಿಸಿರುತ್ತಾರೆ. ಹಿಂದೆ 14.9 ತೆಗೆದು 16.9 ಹಾಕಿ, ಮುಂದಿನ ಟಾಯರು ಹಾಗೆಯೇ ಬಿಟ್ಟರೆ ಹಿಂದಿನದು ಶೇಕಡಾ 5 ಹೆಚ್ಚು ಓಡುತ್ತದೆ. ಮುಂದಿನದರ ಮುನ್ನಡೆಯೆಲ್ಲ ಮುಗಿಯಿತು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಬೇರೆ ಬೇರೆ ಹೆಜ್ಜೆ ಹಾಕಿದಂತೆ, ಮುಂದಿನ ಮತ್ತು ಹಿಂದಿನ ಅಕ್ಸಲುಗಳು ಒಂದನ್ನೊಂದು ಜಗ್ಗುತ್ತವೆ. ಮುಂದಿನ ಟಾಯರು ಸವೆಯುತ್ತದೆ, ಮುಂದಿನ ಶಾಫ್ಟಿನ ಜೋಡಣೆಗಳು ಬಿಸಿಯಾಗುತ್ತವೆ. ಇಂಥ ಗಾಡಿಗೆ ಟಾಯರು ಬದಲಿಸುವುದಾದರೆ ಪುಸ್ತಕದಲ್ಲಿ ಹೇಳಿದ ಜೋಡಿಯನ್ನೇ ಹಾಕಬೇಕು. ಡಾಂಬರಿನ ಮೇಲೆ ನಾಲ್ಕು ಗಾಲಿಯ ಹಿಡಿಕೆ ಬಿಡಿಸಿರಬೇಕು.

ಪಿಕಪ್ ಇಟ್ಟುಕೊಂಡ ತರುಣರಿಗೂ ಇದೇ ಮಾತು. ಸ್ಪ್ರಿಂಗಿನ ಕೆಳಗೆ ದಿಂಡು ಇಟ್ಟು ಗಾಡಿ ಎತ್ತರಿಸಿ ದೊಡ್ಡ ಟಾಯರು ಹಾಕಿದರೆ ಕ್ರೌನ್-ಪಿನಿಯನ್ನಿಗೆ ಈಗ ಹೇಳಿದ ಕಷ್ಟವೆಲ್ಲ ಬರುತ್ತದೆ. ಅದರ ಮೇಲೆ ಉದ್ದ ಶಾಫ್ಟು ಓರೆಯಾಗಿ ಅದರ ಕ್ರಾಸುಗಳೂ ಬೇಗ ಸವೆಯುತ್ತವೆ. ಅಮೆರಿಕದಲ್ಲಿ ಹೀಗೆ ಗಾಡಿ ಎತ್ತರಿಸುವ ಹವ್ಯಾಸ ಬಹಳ. ಅಲ್ಲಿ ತಿಳಿದವರು ಟಾಯರಿನ ಜೊತೆಗೇ ಕ್ರೌನ್-ಪಿನಿಯನ್ನನ್ನೂ ಬದಲಿಸಿ, ಬೇರೆ ಲೆಕ್ಕದ ಹಲ್ಲುಗಳನ್ನು ಹಾಕಿಸುತ್ತಾರೆ. ನಾವು ಟಾಯರನ್ನು ಮಾತ್ರ ನಕಲು ಮಾಡುತ್ತೇವೆ.

ಕಾಯದೆಯ ಮಾತನ್ನೂ ತಿಳಿದಿರಿ. 1988ರ ಮೋಟಾರು ವಾಹನ ಕಾಯದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಅಪಘಾತವಾದ ದಿನ ವಿಮೆಯವರೊಡನೆ ತಕರಾರಿಗೆ ನಾವಾಗಿ ದಾರಿ ಮಾಡಿಕೊಡಬಾರದು.

"ಅದೇ ಮಾದರಿಯನ್ನು ಕಂಪನಿಯವರೇ ಎರಡು ಸೈಜಿನಲ್ಲಿ ಮಾರುತ್ತಾರಲ್ಲ?" ಎಂಬ ಪ್ರಶ್ನೆ ನ್ಯಾಯವಾದದ್ದು. ನಿಮ್ಮ ಗಾಡಿಯ ಪುಸ್ತಕದಲ್ಲಿ ಎರಡೂ ಸೈಜು ಬರೆದಿದ್ದರೆ ಎರಡನೆಯದನ್ನು ಧಾರಾಳವಾಗಿ ಹಾಕಿರಿ, ಅದರ ಲೆಕ್ಕ ಅವರು ಮಾಡಿರುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಪಕ್ಕದ ಊರಿನವರು ಹಾಕಿದ್ದಾರೆಂದು ಹಾಕಬೇಡಿರಿ.

ಈ ಹಂಗಾಮಿಗೆ ಮಾಡಬೇಕಾದದ್ದು

ಒಂದು, ಟಾಯರಿನ ಮೇಲಿನ ಅಂಕಿಯನ್ನೂ ಪುಸ್ತಕದ ಅಂಕಿಯನ್ನೂ ಹೊಂದಿಸಿ ನೋಡಿರಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ತಪ್ಪದೆ ನೋಡಬೇಕು.

ಎರಡು, ಈಗಾಗಲೇ ದೊಡ್ಡ ಟಾಯರು ಹಾಕಿದವರು ಹೌಜಿಂಗಿನ ಎಣ್ಣೆ ಸ್ವಲ್ಪ ತೆಗೆಸಿ ನೋಡಿರಿ. ಎಣ್ಣೆಯಲ್ಲಿ ಕಬ್ಬಿಣದ ಮಿನುಗು, ಅಕ್ಸಲಿನ ಬದಿ ಸೀಲಿನಿಂದ ಸೋರಿಕೆ, ಓಡುವಾಗ ಹಿಂಬದಿಯಲ್ಲಿ ಊಳಿಡುವ ಸಪ್ಪಳ, ಗಾಲಿಯ ಬೋಲ್ಟು ಪದೇ ಪದೇ ಸಡಿಲಾಗುವುದು, ಕ್ಲಚ್ಚಿನ ಸುಟ್ಟ ವಾಸನೆ: ಇವುಗಳಲ್ಲಿ ಒಂದು ಕಂಡರೂ ಮಿಸ್ತ್ರಿಗೆ ತೋರಿಸಿ, ಆಮೇಲೆ ಕಬ್ಬಿಗೆ ಹೋಗಿರಿ.

ಮೂರು, ಹಳೆಯ ಸೈಜಿಗೆ ಹಿಂತಿರುಗಲು ಆಗದವರು ಖೇಪಿನ ಭಾರ ಕಡಿಮೆ ಮಾಡಿರಿ, ಒಂದು ಗಿಯರು ಕೆಳಗೆ ಓಡಿಸಿರಿ, ಟಾಯರಿನಲ್ಲಿ ನೀರು ತುಂಬಿಸಬೇಡಿರಿ.

ನಾಲ್ಕು, ಏರಲು ಯಾವ ಗಿಯರು ಬೇಕೋ ಇಳಿಯಲೂ ಅದೇ ಗಿಯರು. ಇಳಿಜಾರಿನಲ್ಲಿ ನ್ಯೂಟ್ರಲ್ ಎಂದೂ ಬೇಡ. ಸಡಕಿನ ಮೇಲೆ ಎರಡು ಬ್ರೇಕ್ ಪೆಡಲುಗಳ ನಡುವಿನ ಕೊಂಡಿ ಹಾಕಿಯೇ ಇರಬೇಕು.

ಐದು, ಡಿಫರೆನ್ಷಿಯಲ್ ಲಾಕ್ ಹೂತ ಗಾಡಿ ನೇರವಾಗಿ ಹೊರಬರಲು ಮಾತ್ರ. ತಿರುವಿನಲ್ಲಿ, ಡಾಂಬರಿನಲ್ಲಿ ಅದನ್ನು ಒತ್ತಬಾರದು.

ಕೊನೆಗೆ, ಸ್ವಂತ ಟ್ರ್ಯಾಕ್ಟರು ಇಲ್ಲದ ಸಭಾಸದರಿಗೆ ಒಂದು ಮಾತು. ಇದು ವಾಹನಧಾರಕರ ಉಸಾಬರಿ, ನಮಗೇನು ಎನ್ನಬೇಡಿರಿ. ಕಡಿದ ಕಬ್ಬು 24 ಗಂಟೆಯೊಳಗೆ ಗಿರಣಿಗೆ ಬೀಳಬೇಕು. ತಡವಾದಷ್ಟೂ ನೀರು ಆರಿ ತೂಕ ಇಳಿಯುತ್ತದೆ, ಒಳಗಿನ ಸಕ್ಕರೆ ಕೆಡುತ್ತದೆ, ಫೆಬ್ರುವರಿ-ಮಾರ್ಚಿನ ಬಿಸಿಲಿನಲ್ಲಿ ಇನ್ನೂ ಬೇಗ. ನಡು ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿನ ಪಿನಿಯನ್ ಮುರಿದರೆ ನಷ್ಟ ಅದರ ಮಾಲಕನೊಬ್ಬನಿಗೇ ಅಲ್ಲ. ಅವನ ಟೋಳಿ ಕೆಲಸವಿಲ್ಲದೆ ಕೂಡುತ್ತದೆ. ಹೊಲದಲ್ಲಿ ಕಡಿದು ಹಾಕಿದ ನಿಮ್ಮ ಕಬ್ಬು ಒಣಗುತ್ತದೆ. ವರ್ಷವಿಡೀ ನೀರು ಕಟ್ಟಿ ಬೆಳೆದದ್ದು ಸಡಕಿನ ಬದಿಗೆ ನಿಂತ ಗಾಡಿಯ ಮೇಲೆ ತೂಕ ಕಳೆದುಕೊಳ್ಳುತ್ತದೆ. ಆದ್ದರಿಂದ ನಿಮ್ಮ ಕಬ್ಬಿಗೆ ಬರುವ ಗಾಡಿಯ ಟಾಯರಿನ ಅಂಕಿ ಕೇಳುವ ಹಕ್ಕು ನಿಮಗೂ ಇದೆ. ಕೇಳಿರಿ. ಚಾಲಕ ತಮ್ಮಂದಿರೇ, ಅವರು ಕೇಳಿದಾಗ ಬೇಸರ ಮಾಡಿಕೊಳ್ಳದೆ ತೋರಿಸಿರಿ.

ಹಂಗಾಮು ಸುಗಮವಾಗಲಿ, ಹೋದ ಗಾಡಿಗಳೆಲ್ಲ ಸುಖವಾಗಿ ಮನೆಗೆ ಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.